ಸೈಕಲ್ ಬರುತ್ತದೆ, ಈಜು ಅರ್ಧಂಬರ್ಧ, ಓಟ ಇಲ್ಲವೇ ಇಲ್ಲ: ಮೊದಲ ಟ್ರಯಾಥ್ಲಾನ್‌ಗೆ ಹೇಗೆ ತಯಾರಾಗಲಿ?

ಪ್ರಶ್ನೆ: ನಾನು ಮೂಲತಃ ಗದಗ ಕಡೆಯವನು, ಈಗ ಪುಣೆಯ ವಾಕಡ್‌ನಲ್ಲಿದ್ದೇನೆ. ವಯಸ್ಸು 42. ಎಂಟು ವರ್ಷದಿಂದ ಸೈಕಲ್ ಹೊಡೆಯುತ್ತಿದ್ದೇನೆ. ಬಿಆರ್‌ಎಂಗಳಲ್ಲಿ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳು) ಎರಡು ಸಲ ಎಸ್‌ಆರ್ (ಒಂದೇ ಸೀಸನ್‌ನಲ್ಲಿ 200, 300, 400, 600 ಕಿ.ಮೀ. ನಾಲ್ಕನ್ನೂ ಮುಗಿಸಿದವರ ಪಟ್ಟ) ಆಗಿದೆ. ಸಿಂಹಗಡ ಘಾಟ್ ಆಗಾಗ ಹತ್ತುತ್ತೇನೆ. ಗೋವಾದಲ್ಲಿ ಮಳೆಗಾಲದ ನಂತರ ನಡೆಯುವ ಹಾಫ್ ಟ್ರಯಾಥ್ಲಾನ್ (ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ರೇಸ್) ಮಾಡಬೇಕು ಅಂತ ಆಸೆ, ಇನ್ನೂ ಏಳು ತಿಂಗಳಿದೆ. ಈಜು ಊರಿನ ಬಾವಿಯಲ್ಲಿ ಕಲಿತದ್ದು, ತಲೆ ಮೇಲೆತ್ತಿಯೇ ಈಜೋದು. ಓಟದ ಅಭ್ಯಾಸವೇ ಇಲ್ಲ. ನೇರವಾಗಿ ಹಾಫ್‌ಗೆ ಇಳಿಯಬಹುದಾ? ಟಿಟಿ ಬೈಕ್ (ಬಾಗಿ ಕೂತು ಗಾಳಿ ಸೀಳಲು ಮಾಡಿದ ರೇಸ್ ಸೈಕಲ್) ಬೇಕಾ? ಇನ್ನೊಂದು, ರೇಸ್‌ಗೆ ಪುಣೆಯಿಂದ ಗೋವಾಕ್ಕೆ ಸೈಕಲ್‌ನಲ್ಲೇ ಹೋಗೋಣ ಅಂತ ಗೆಳೆಯರು ಹೇಳುತ್ತಿದ್ದಾರೆ. ಹೋಗಲಾ?

ಉತ್ತರ: ಮೊದಲ ಪ್ರಶ್ನೆಗೆ ಹೌದು. ಏಳು ತಿಂಗಳಲ್ಲಿ ಹಾಫ್ ಮುಗಿಸಬಹುದು. ಆದರೆ ಅದಕ್ಕೆ ನೀವು ಸೈಕಲ್ ಕಡಿಮೆ ಮಾಡಬೇಕು.

ಇದನ್ನು ಕೇಳಿದರೆ ನಿಮಗೆ ಬೇಜಾರಾಗುತ್ತದೆ ಅಂತ ಗೊತ್ತು. ಪಣಜಿಯಲ್ಲಿ ನನ್ನ ಹತ್ತಿರ ತರಬೇತಿಗೆ ಬರುವ ಪುಣೆ, ಬೆಳಗಾವಿ, ಹುಬ್ಬಳ್ಳಿ ಕಡೆಯ ಸೈಕ್ಲಿಸ್ಟ್‌ಗಳು ಉಳಿದೆಲ್ಲ ಒಪ್ಪುತ್ತಾರೆ, ಇದೊಂದನ್ನು ಬಿಟ್ಟು. ವಾರದ ಸೈಕ್ಲಿಂಗ್ ಹಾಗೇ ಇಟ್ಟುಕೊಂಡು ಅದರ ಮೇಲೆ ಈಜು, ಓಟ ಎರಡನ್ನೂ ಹೇರುತ್ತಾರೆ. ಮೂರನೇ ತಿಂಗಳಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿದ್ದೆ ಕೆಡುತ್ತದೆ, ಮೊದಲು ತಪ್ಪಿಹೋಗುವುದು ಬೆಳಗಿನ ಈಜು. ಅಂದರೆ ಯಾವುದು ಎಲ್ಲಕ್ಕಿಂತ ಜಾಸ್ತಿ ಬೇಕಿತ್ತೋ ಅದೇ. ನಿಮಗೆ ಸೈಕಲ್ ಈಗಾಗಲೇ ಸಾಕಷ್ಟು ಬರುತ್ತದೆ. 600 ಕಿ.ಮೀ. ಬಿಆರ್‌ಎಂ 40 ಗಂಟೆಯೊಳಗೆ ಮುಗಿಸಿದವರಿಗೆ 90 ಕಿ.ಮೀ. ಮುಗಿಸೋದು ಹೇಗೆ ಅಂತ ಯಾರೂ ಕಲಿಸಬೇಕಿಲ್ಲ. ಅಲ್ಲಿಂದ ಗಂಟೆಗಳನ್ನು ಕಿತ್ತು ನೀರಿಗೆ ಕೊಡಿ, ಸ್ವಲ್ಪ ಓಟಕ್ಕೆ ಕೊಡಿ.

ಲೆಕ್ಕ ಒಮ್ಮೆ ನೋಡೋಣ. ಹಾಫ್ ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಐರನ್‌ಮ್ಯಾನ್ 70.3 ಅಂತಾರಲ್ಲ, ಆ ಸಂಖ್ಯೆ ಈ ಮೂರನ್ನೂ ಮೈಲಿಯಲ್ಲಿ ಕೂಡಿದ್ದು. ಗೋವಾದಲ್ಲಿ ಅದು 2019ರಲ್ಲಿ ಮೀರಾಮಾರ್ ಕಡಲತೀರದಲ್ಲಿ ಶುರುವಾಯಿತು. ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷದ ಗಡುವು, ಇಡೀ ರೇಸ್‌ಗೆ ಎಂಟೂವರೆ ಗಂಟೆ. ಆಯಾ ವರ್ಷದ ಕೈಪಿಡಿ ಬಂದಾಗ ಗಡುವುಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ. 70 ನಿಮಿಷದಲ್ಲಿ 1.9 ಕಿ.ಮೀ. ಅಂದರೆ 100 ಮೀಟರಿಗೆ 3 ನಿಮಿಷ 41 ಸೆಕೆಂಡು. ನೀವು 100 ಮೀಟರಿಗೆ 3 ನಿಮಿಷ ಅಂತ ಹಿಡಿದರೂ 57 ನಿಮಿಷಕ್ಕೆ ದಡದಲ್ಲಿರುತ್ತೀರಿ. ಸೈಕಲ್ ಗಂಟೆಗೆ 28 ಕಿ.ಮೀ. ಆದರೆ 3 ಗಂಟೆ 13 ನಿಮಿಷ. ಓಟ ಕಿ.ಮೀ.ಗೆ 7 ನಿಮಿಷ ಆದರೆ 2 ಗಂಟೆ 28 ನಿಮಿಷ. ಬಟ್ಟೆ, ಹೆಲ್ಮೆಟ್, ಶೂ ಅಂತ ಇನ್ನೊಂದು ಹತ್ತು ನಿಮಿಷ ಹಾಕಿ. ಏಳು ಗಂಟೆಯೊಳಗೇ ಮುಗಿಯಿತು. ಇದರಲ್ಲಿ ನಿಮ್ಮ ಕೈಲಾಗದ್ದು ಏನೂ ಇಲ್ಲ. ಆದರೆ ಆ ಮೊದಲ 57 ನಿಮಿಷ ಇಲ್ಲದಿದ್ದರೆ ಉಳಿದದ್ದು ಶುರುವೇ ಆಗೋದಿಲ್ಲ.

ಹಾಗಾಗಿ ನೀರಿನಿಂದಲೇ ಶುರು ಮಾಡುತ್ತೇನೆ.

ಬಾವಿಯಲ್ಲಿ ಕಲಿತವರ ಬಗ್ಗೆ ನನಗೆ ಬಹಳ ಗೌರವ. ಬೆಂಡು ಕಟ್ಟಿಕೊಂಡು ಇಳಿದು, ಒಂದು ದಿನ ಅದನ್ನು ಬಿಚ್ಚಿ ಬಿಟ್ಟಾಗ ಮುಳುಗಿ ಎದ್ದು ಕಲಿತ ಈಜು ಅದು. ತಳ ಕಾಣದ ಕಪ್ಪು ನೀರು ನಿಮಗೆ ಹೊಸದಲ್ಲ, ಕಾಲಿಗೆ ನೆಲ ಸಿಗದಿದ್ದರೆ ಎದೆ ಹೊಡೆದುಕೊಳ್ಳೋದಿಲ್ಲ. ಅಪಾರ್ಟ್‌ಮೆಂಟಿನ ಪೂಲ್‌ನಲ್ಲಿ ಕಲಿತವರಿಗೆ ಈ ಧೈರ್ಯ ಬರಲು ತಿಂಗಳುಗಳೇ ಬೇಕು. ಇದನ್ನು ನಿಮ್ಮ ಬಂಡವಾಳ ಅಂತ ಇಟ್ಟುಕೊಳ್ಳಿ.

ತೊಂದರೆ ಇರೋದು ಎತ್ತಿದ ತಲೆಯಲ್ಲಿ. ತಲೆ ಮೇಲೆದ್ದರೆ ಸೊಂಟ ಕೆಳಗಿಳಿಯುತ್ತದೆ, ಕಾಲು ಮುಳುಗುತ್ತದೆ, ಆಮೇಲೆ ಇಡೀ ಮೈ ನೀರನ್ನು ಅಡ್ಡಲಾಗಿ ತಳ್ಳುತ್ತಾ ಹೋಗಬೇಕು. ಸೈಕ್ಲಿಸ್ಟ್‌ಗಳಿಗೆ ಇದು ಇನ್ನೂ ಜಾಸ್ತಿ. ತೊಡೆ ದಪ್ಪ, ಭಾರ, ತೇಲುವುದಿಲ್ಲ. ಮುಳುಗುತ್ತಿರುವ ಕಾಲನ್ನು ಮೇಲೆ ಇಟ್ಟುಕೊಳ್ಳಲು ಜೋರಾಗಿ ಒದೆಯುತ್ತೀರಿ. ಮೈಯಲ್ಲೇ ದೊಡ್ಡ ಸ್ನಾಯುಗಳು ತೊಡೆಯವು, ಉಸಿರೆಲ್ಲ ಅವೇ ಕುಡಿದುಬಿಡುತ್ತವೆ. 50 ಮೀಟರಿಗೆ ಏದುಸಿರು ಬರುತ್ತದೆ. ಸಿಂಹಗಡ ಹತ್ತಿದವನಿಗೆ ಇಷ್ಟಕ್ಕೇ ಹೀಗಾ ಅಂತ ಗಾಬರಿಯಾಗುತ್ತದೆ. ದಮ್ ಇಲ್ಲ ಅಂತಲ್ಲ. ದಮ್ ಎಲ್ಲ ಹೋಗಬಾರದ ಕಡೆ ಹೋಗುತ್ತಿದೆ, ಅಷ್ಟೇ.

ಮೊದಲ ಮೂರು ವಾರ ದೂರ ಎಣಿಸಬೇಡಿ. ಪೂಲ್‌ನ ಅಂಚು ಹಿಡಿದು ನಿಲ್ಲಿ. ಮುಖ ನೀರಿನಲ್ಲಿಡಿ, ಕಣ್ಣು ತಳ ನೋಡುತ್ತಿರಲಿ. ಮೂಗು ಬಾಯಿ ಎರಡರಿಂದಲೂ ನಿಧಾನವಾಗಿ ಗುಳ್ಳೆ ಬಿಡಿ, ಗುಂಯ್ ಅಂತ ಸದ್ದು ಮಾಡುತ್ತಾ ಬಿಟ್ಟರೆ ಇನ್ನೂ ಸುಲಭ. ಉಸಿರು ಪೂರ್ತಿ ಹೊರಗೆ ಹೋಯಿತು ಅನ್ನಿಸಿದಾಗ ತಲೆ ಎತ್ತಬೇಡಿ, ಪಕ್ಕಕ್ಕೆ ತಿರುಗಿಸಿ. ಗಾಗಲ್ಸ್‌ನ ಒಂದು ಗಾಜು ನೀರೊಳಗೇ ಇರಬೇಕು, ಒಂದು ಮಾತ್ರ ಹೊರಗೆ. ಬಾಯಿಯ ಮೂಲೆಯಿಂದ ಉಸಿರೆಳೆದುಕೊಂಡು ಮತ್ತೆ ಒಳಗೆ. ಇದು ಬೋರ್ ಆಗುವ ಕೆಲಸ. ಪಕ್ಕದ ಲೇನ್‌ನಲ್ಲಿ ಬೇಸಿಗೆ ಶಿಬಿರದ ಮಕ್ಕಳು ನಿಮ್ಮನ್ನು ದಾಟಿ ಹೋಗುತ್ತಿರುತ್ತಾರೆ. ಆದರೂ ಬಿಡಬೇಡಿ. ನೀರಿನಲ್ಲಿ ಉಸಿರು ಹಿಡಿದುಕೊಳ್ಳುವ ಅಭ್ಯಾಸ ಹೋಗುವವರೆಗೆ ಬೇರೆ ಏನು ಕಲಿತರೂ ಕೂರೋದಿಲ್ಲ. ಹೊರಗೆ ಬಂದ ಆ ಅರ್ಧ ಸೆಕೆಂಡಿನಲ್ಲಿ ಬಿಡೋದು, ಎಳೆಯೋದು ಎರಡೂ ಆಗಲ್ಲ. ಬಿಡೋದೆಲ್ಲ ನೀರೊಳಗೇ ಮುಗಿದಿರಬೇಕು.

ಒದೆತ ಹಗುರವಾಗಿರಲಿ, ಸೊಂಟದಿಂದ, ಕಾಲ್ಬೆರಳು ಹಿಂದಕ್ಕೆ ಚಾಚಿಕೊಂಡು. ಇಲ್ಲಿ ಇನ್ನೊಂದು ತೊಡಕಿದೆ. ವರ್ಷಗಟ್ಟಲೆ ಕ್ಲೀಟ್ (ಶೂವನ್ನು ಪೆಡಲ್‌ಗೆ ಸಿಕ್ಕಿಸುವ ಹಿಡಿಕೆ) ಹಾಕಿ ಪೆಡಲ್ ತುಳಿದವರ ಪಾದದ ಗಂಟು ಗಟ್ಟಿಯಾಗಿರುತ್ತದೆ. ಪಾದ ಹಿಂದಕ್ಕೆ ಬಾಗುವುದಿಲ್ಲ, ನೀರಿನಲ್ಲಿ ಕೊಕ್ಕೆ ಹಾಕಿದ ಹಾಗೆ ನಿಂತು ಮುಂದೆ ಹೋಗೋದನ್ನು ತಡೆಯುತ್ತದೆ. ಇದಕ್ಕೆ ಮದ್ದು ಮನೆಯಲ್ಲೇ ಇದೆ, ವಜ್ರಾಸನ. ರಾತ್ರಿ ಊಟದ ನಂತರ ಐದು ನಿಮಿಷ ಕೂತರೂ ಸಾಕು. ಮಂಡಿ ನೋವಿದ್ದರೆ ಮಾತ್ರ ಬೇಡ.

ಪುಣೆಯಲ್ಲಿ ಪೂಲ್‌ಗೆ ಬರ ಇಲ್ಲ. ವಾಕಡ್‌ನಿಂದ ಬಾಲೇವಾಡಿ ಕ್ರೀಡಾಂಗಣ ಹತ್ತಿರವೇ ಅಲ್ವಾ, 50 ಮೀಟರ್ ಪೂಲ್ ಇದೆ. ಎಲ್ಲಿ ಹೋದರೂ ಮುಕ್ಕಾಲು ಗಂಟೆಯ ಬ್ಯಾಚ್‌ನಲ್ಲಿ ಜಾಗ ಸಿಕ್ಕರೆ ಸಾಕು, ಆದರೆ ವಾರಕ್ಕೆ ಮೂರು ಸಲ ಇಳಿಯಲೇಬೇಕು. ಭಾನುವಾರ ಒಂದೇ ಸಲ ಎರಡು ಗಂಟೆ ಈಜೋದರಿಂದ ಉಪಯೋಗ ಕಡಿಮೆ. ನೀರಿನ ಹಿಡಿತ ಕೈಗೆ ಬರೋದು ಪದೇ ಪದೇ ಇಳಿದಾಗ. ಮೊದಲ ತಿಂಗಳು 25, 50 ಮೀಟರ್‌ಗಳ ತುಂಡುಗಳು, ನಡುವೆ ಉಸಿರು ಶಾಂತವಾಗುವಷ್ಟು ವಿಶ್ರಾಂತಿ. ಮೂರನೇ ತಿಂಗಳ ಕೊನೆಗೆ ನಿಲ್ಲದೆ 400. ಐದನೇ ತಿಂಗಳಿಗೆ 1500. ರೇಸ್‌ಗೆ ಮುಂಚೆ ಒಂದೆರಡು ಸಲ ಪೂರ್ತಿ 2000 ಮೀಟರ್ ನಿಲ್ಲದೆ. ಸಾಧ್ಯವಿದ್ದರೆ ಮೊದಲ ಎರಡು ತಿಂಗಳು ಒಬ್ಬ ಒಳ್ಳೆ ಕೋಚ್ ಇಟ್ಟುಕೊಳ್ಳಿ. ನೀರೊಳಗೆ ನಾವು ಏನು ಮಾಡುತ್ತಿದ್ದೇವೆ ಅಂತ ನಮಗೇ ಕಾಣೋದಿಲ್ಲ.

ಕಾಲು ಮುಳುಗುತ್ತದೆ ಅಂತ ತೊಡೆ ಮಧ್ಯೆ ಪುಲ್ ಬೋಯ್ (ಕಾಲನ್ನು ತೇಲಿಸುವ ಫೋಮ್ ತುಂಡು) ಸಿಕ್ಕಿಸಿಕೊಂಡೇ ಈಜುವ ಸೈಕ್ಲಿಸ್ಟ್‌ಗಳು ಬಹಳ. ಕೈ ಸುಧಾರಿಸಲು ಆಗೊಮ್ಮೆ ಈಗೊಮ್ಮೆ ಸರಿ, ಊರುಗೋಲು ಆಗಬಾರದು. ತಣ್ಣೀರಿನ ದೇಶಗಳಲ್ಲಿ ವೆಟ್‌ಸೂಟ್ ಅನ್ನುವ ದಪ್ಪ ರಬ್ಬರ್ ಉಡುಪು ಹಾಕಿಕೊಳ್ಳುತ್ತಾರೆ, ಅದು ತೇಲಿಸುತ್ತದೆ. ಐರನ್‌ಮ್ಯಾನ್ ನಿಯಮದಲ್ಲಿ ಅದಕ್ಕೆ ನೀರು 24.5 ಡಿಗ್ರಿ ದಾಟಿರಬಾರದು. ಗೋವಾದ ಸಮುದ್ರ ಅದಕ್ಕಿಂತ ಬೆಚ್ಚಗೆ. ಹಾಗಾಗಿ ಮೂರೂ ಹಂತಕ್ಕೆ ಹಾಕುವ ತೆಳು ಉಡುಪು, ಟ್ರೈಸೂಟ್‌ನಲ್ಲೇ ಈಜಬೇಕು. ಉಪ್ಪು ನೀರು ಪೂಲ್‌ಗಿಂತ ಸ್ವಲ್ಪ ಜಾಸ್ತಿ ತೇಲಿಸುತ್ತದೆ, ಅದೊಂದು ಸಮಾಧಾನ.

ಈಗ ಸಮುದ್ರ. ಇದನ್ನು ನಿಧಾನವಾಗಿ ಓದಿ. ಟ್ರಯಾಥ್ಲಾನ್‌ಗಳಲ್ಲಿ ಆಗುವ ಸಾವುಗಳಲ್ಲಿ ಹೆಚ್ಚಿನವು ಈಜಿನ ಹಂತದಲ್ಲೇ ಆಗುತ್ತವೆ. ಅದರಲ್ಲಿ ಚೆನ್ನಾಗಿ ತಯಾರಾದ ನಡುವಯಸ್ಸಿನ ಗಂಡಸರೂ ಇರುತ್ತಾರೆ, ಬಹಳ ಸಲ ಕಾರಣ ಹೃದಯ. ನಿಮಗೆ 42. ಫೀಸ್ ಕಟ್ಟುವ ಮುಂಚೆ ಹೃದಯದ ಡಾಕ್ಟರ್ ಹತ್ತಿರ ಹೋಗಿ, ಇಸಿಜಿ, ಎಕೋ, ಟಿಎಮ್‌ಟಿ ಯಾವುದು ಬೇಕೋ ಅವರು ಹೇಳುತ್ತಾರೆ, ಮಾಡಿಸಿ. ಬಿಪಿ ನೋಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲಿ ಹೃದಯದ ತೊಂದರೆ ಆಗಿದ್ದರೆ ಮರೆಯದೆ ಹೇಳಿ. ಇಷ್ಟು ವರ್ಷ ಸೈಕಲ್ ಹೊಡೆದಿದ್ದೇನೆ, ನನಗೇನಾಗುತ್ತೆ ಅನ್ನಬೇಡಿ.

ಎಲ್ಲಿ ಅಭ್ಯಾಸ ಮಾಡೋದು? ಖಡಕ್‌ವಾಸಲಾ, ಪಾನ್ಶೆತ್ ಕಡೆ ಸೈಕಲ್‌ನಲ್ಲಿ ಹೋದಾಗ ನೀರು ಕಂಡು ಆಸೆಯಾಗುತ್ತದೆ. ಇಳಿಯಬೇಡಿ. ಖಡಕ್‌ವಾಸಲಾ ಪುಣೆಗೆ ಕುಡಿಯುವ ನೀರು ಕೊಡುವ ಅಣೆಕಟ್ಟು. ಆ ಹಿನ್ನೀರಿನಲ್ಲಿ ಕೆಸರು, ಗುಂಡಿ ಎಲ್ಲಿದೆ ಅಂತ ಗೊತ್ತಾಗಲ್ಲ, ಮುಳುಗಿ ಸತ್ತವರ ಸುದ್ದಿ ನೀವೂ ಓದಿರುತ್ತೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾ ಸಮುದ್ರದ ಮಾತೇ ಬೇಡ. ಆಗ ಕೆಂಪು ಬಾವುಟ ಇರುತ್ತದೆ, ಅದನ್ನು ದಾಟುವುದು ಧೈರ್ಯ ಅಲ್ಲ. ಉಳಿದದ್ದು ಎರಡು ಹೊತ್ತು. ಮಳೆಗಾಲಕ್ಕೆ ಮುಂಚೆ ಏಪ್ರಿಲ್-ಮೇ, ಮತ್ತು ಮಳೆ ನಿಂತು ಸಮುದ್ರ ಶಾಂತವಾದ ಮೇಲೆ ರೇಸ್‌ಗೆ ಮುಂಚಿನ ವಾರಗಳು. ಎರಡೂ ಸಲ ಒಂದೊಂದು ವಾರಾಂತ್ಯ ಗೋವಾಕ್ಕೆ ಬನ್ನಿ. ಬೆಳಗಿನ ಹೊತ್ತು, ಗಾಳಿ ಏಳುವ ಮುಂಚೆ, ಅಲ್ಲಿನ ಈಜುಗಾರರ ಗುಂಪಿನ ಜೊತೆ. ಸೊಂಟಕ್ಕೆ ಕಿತ್ತಳೆ ಬಣ್ಣದ ಟೋ ಫ್ಲೋಟ್ (ಹಿಂದೆ ತೇಲಿಕೊಂಡು ಬರುವ ಗಾಳಿ ಚೀಲ) ಇರಲಿ. ದೃಷ್ಟಿ ಮರೀನ್‌ನ ಜೀವರಕ್ಷಕರು ಕಾವಲಿರುವ ಜಾಗದಲ್ಲಿ, ಅವರನ್ನು ಕೇಳಿಕೊಂಡೇ ಇಳಿಯಿರಿ. ಒಬ್ಬರೇ ಯಾವತ್ತೂ ಬೇಡ. ಮೊದಲ ಸಲಕ್ಕೆ ದಕ್ಷಿಣ ಗೋವಾದ ಪಾಳೊಳೆಂ ಥರ ಅರ್ಧಚಂದ್ರದ ಆಕಾರದ ಕೊಲ್ಲಿ ಒಳ್ಳೇದು. ಮೀರಾಮಾರ್ ಇರೋದು ಮಾಂಡೋವಿ ನದಿ ಸಮುದ್ರ ಸೇರುವ ಜಾಗದಲ್ಲಿ, ನೀರು ಪೂಲ್ ಥರ ತಿಳಿಯಾಗಿರಲ್ಲ. ಬಾವಿಯ ಅಭ್ಯಾಸ ನಿಮಗೆ ಕೈಹಿಡಿಯೋದು ಇಲ್ಲೇ.

ಸಮುದ್ರದಲ್ಲಿ ಲೇನ್‌ನ ಗೆರೆ ಇರಲ್ಲ. ದಾರಿ ತೋರಿಸಲು ದೊಡ್ಡ ಬೋಯ್‌ಗಳನ್ನು ತೇಲಿಬಿಟ್ಟಿರುತ್ತಾರೆ. ಎಂಟು ಹತ್ತು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಬರುವಷ್ಟು ಎತ್ತಿ ಅದನ್ನು ನೋಡಬೇಕು, ಆಮೇಲೆ ಪಕ್ಕಕ್ಕೆ ತಿರುಗಿ ಉಸಿರು. ಇದನ್ನು ಪೂಲ್‌ನಲ್ಲೇ ಕಲಿಯಿರಿ. ನೋಡದೆ ಈಜಿದರೆ 1.9 ಕಿ.ಮೀ. ಎರಡೂಕಾಲು ಆಗಿಬಿಡುತ್ತದೆ.

ಗಾಬರಿ ಬಂದರೆ? ಬರಬಹುದು. ಯಾರದೋ ಕೈ ಮುಖಕ್ಕೆ ಬಡಿಯುತ್ತದೆ, ಒಂದು ಗುಟುಕು ಉಪ್ಪು ನೀರು ಒಳಗೆ ಹೋಗುತ್ತದೆ, ಎದೆ ಬಿಗಿಯುತ್ತದೆ. ಆಗ ಈಜಿನ ಜೊತೆ ಹೋರಾಡಬೇಡಿ. ಅಂಗಾತ ಮಲಗಿ, ಮುಖ ಆಕಾಶಕ್ಕೆ. ಉಸಿರು ನಿಧಾನವಾಗಿ ಬಿಡಿ. ಒಂದು ನಿಮಿಷ ಹೋದರೆ ಹೋಗಲಿ, ಲೆಕ್ಕದಲ್ಲಿ ನಿಮಗೆ 13 ನಿಮಿಷ ಉಳಿದಿದೆ. ಕಡಿಮೆಯಾಗದಿದ್ದರೆ ಕೈ ಎತ್ತಿ, ಕಾವಲಿನ ಕಯಾಕ್ (ಚಿಕ್ಕ ದೋಣಿ) ಬರುತ್ತದೆ. ಅದನ್ನು ಹಿಡಿದು ಸುಧಾರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ಮುಂದಕ್ಕೆ ಎಳೆಸಿಕೊಳ್ಳಬಾರದು ಅಷ್ಟೇ. ಎದೆನೋವು, ನಿಲ್ಲದ ಕೆಮ್ಮು, ಉಸಿರು ಸಿಗದಿರುವುದು, ಇದರಲ್ಲಿ ಯಾವುದಾದರೂ ಇದ್ದರೆ ರೇಸ್ ಅಲ್ಲಿಗೇ ಮುಗಿಸಿ ದೋಣಿ ಹತ್ತಿ. ಶುರುವಿನಲ್ಲಿ ನಿಮ್ಮ ವೇಗದವರ ಸಾಲಿನಲ್ಲಿ, ಅಂಚಿಗೆ ನಿಲ್ಲಿ. ಸ್ನೇಹಿತರ ಜೊತೆ ಫೋಟೋಗೆ ಅಂತ ಮುಂದಿನ ಸಾಲಿಗೆ ಹೋದರೆ ವೇಗದವರು ನಿಮ್ಮ ಮೈಮೇಲೆಯೇ ಈಜಿಕೊಂಡು ಹೋಗುತ್ತಾರೆ.

ಇನ್ನು ಓಟ. ಇಲ್ಲಿ ನಿಮಗೆ ಅಪಾಯ ಇರೋದು ನಿಮ್ಮ ಒಳ್ಳೆ ಹೃದಯದಿಂದಲೇ. ಎಂಟು ವರ್ಷ ಸೈಕಲ್ ಹೊಡೆದು ಹೃದಯ, ಶ್ವಾಸಕೋಶ ಗಟ್ಟಿಯಾಗಿವೆ. ಮೊದಲ ದಿನವೇ 8 ಕಿ.ಮೀ. ಓಡಬಹುದು, ಉಸಿರು ಕಟ್ಟೋದಿಲ್ಲ. ಆದರೆ ಮೂಳೆ, ಸ್ನಾಯುರಜ್ಜು ಇವಕ್ಕೆ ಸೈಕಲ್‌ನಲ್ಲಿ ಏಟೇ ಬಿದ್ದಿಲ್ಲ. ಓಟದಲ್ಲಿ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಹೊರೆ ಬೀಳುತ್ತದೆ, 21 ಕಿ.ಮೀ.ಗೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಹೆಜ್ಜೆ. ಸ್ನಾಯು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ರಕ್ತ ಕಡಿಮೆ ಹರಿಯುವ ಸ್ನಾಯುರಜ್ಜು ಹೊಂದಿಕೊಳ್ಳಲು ತಿಂಗಳುಗಳು ಬೇಕು. ಯಾವ ವ್ಯಾಯಾಮವನ್ನೂ ಮಾಡದವರು ಓಡಲು ಹೋದರೆ ಉಸಿರು ಸಾಲದೆ ತಾವೇ ನಿಲ್ಲುತ್ತಾರೆ, ಅದು ಅವರನ್ನು ಕಾಪಾಡುತ್ತದೆ. ನಿಮಗೆ ಆ ತಡೆ ಇಲ್ಲ. ಹಾಗಾಗಿ ಸೈಕ್ಲಿಸ್ಟ್‌ಗಳಿಗೆ ಮೂರನೇ ನಾಲ್ಕನೇ ವಾರದಲ್ಲಿ ಮೊಣಕಾಲಿನ ಕೆಳಗಿನ ಮೂಳೆ, ಅಕಿಲಿಸ್ (ಹಿಮ್ಮಡಿಯ ಮೇಲಿನ ಸ್ನಾಯುರಜ್ಜು), ಮಂಡಿಯ ಹೊರಬದಿ, ಇವುಗಳಲ್ಲಿ ಒಂದು ಮಾತಾಡಲು ಶುರು ಮಾಡುತ್ತದೆ.

ವಾರಕ್ಕೆ ಮೂರು ಸಲ, 20 ನಿಮಿಷದಿಂದ ಶುರು ಮಾಡಿ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಕೈಲಿ ಆಗುತ್ತೆ ಅನ್ನಿಸಿದರೂ ಮೊದಲ ಆರು ವಾರ ಇದನ್ನು ದಾಟಬೇಡಿ, ಆಮೇಲೆ ನಿಧಾನವಾಗಿ ಓಟದ ಭಾಗ ಬೆಳೆಸಿ. ಮಾತಾಡಿಕೊಂಡು ಓಡುವಷ್ಟು ಮೆಲ್ಲಗೆ. ಬಾಣೇರ್-ಪಾಷಾಣ್ ಟೇಕಡಿ (ಗುಡ್ಡ), ವೇತಾಳ ಟೇಕಡಿಯ ಮಣ್ಣಿನ ದಾರಿ ಹತ್ತಿರವೇ ಇವೆ. ಸಿಮೆಂಟ್ ರಸ್ತೆಗಿಂತ ಅಲ್ಲಿ ವಾರಕ್ಕೊಂದು ಓಟ ಮಾಡಿದರೆ ಪಾದದ ಚಿಕ್ಕ ಸ್ನಾಯುಗಳೂ ಗಟ್ಟಿಯಾಗುತ್ತವೆ. ಜೊತೆಗೆ ಮೆಟ್ಟಿಲ ಅಂಚಿನಲ್ಲಿ ಅರ್ಧ ಪಾದ ಇಟ್ಟು ಹಿಮ್ಮಡಿಯನ್ನು ಮೇಲೆತ್ತಿ, ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ. 15ರಂತೆ ಮೂರು ಸುತ್ತು, ಮೊದಲು ಮಂಡಿ ನೇರ, ಆಮೇಲೆ ಸ್ವಲ್ಪ ಬಾಗಿಸಿ. ಇದನ್ನು ದಿನಾ ಮಾಡುವವರು ನನ್ನ ಹತ್ತಿರ ಅಕಿಲಿಸ್ ನೋವು ಅಂತ ಬಂದದ್ದು ಕಡಿಮೆ. ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದರೆ ಚುರ್ ಅನ್ನುವ ನೋವಿದ್ದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಅದು ಓಡಿ ಸರಿಹೋಗುವ ನೋವಲ್ಲ. ನಾಲ್ಕನೇ ತಿಂಗಳಿಗೆ 10 ಕಿ.ಮೀ., ರೇಸ್‌ಗೆ ಮೂರು ವಾರ ಮುಂಚೆ 17-18 ಕಿ.ಮೀ. ಸಾಕು. ಪೂರ್ತಿ 21 ಓಡಿ ನೋಡುವ ಅಗತ್ಯ ಇಲ್ಲ.

ಸೈಕಲ್ ಇಳಿದ ಕೂಡಲೇ ಓಡುವ ಅಭ್ಯಾಸ ಬೇರೆ, ಅದಕ್ಕೆ ಬ್ರಿಕ್ ಅಂತಾರೆ. ಕಾಲು ನಮ್ಮದಲ್ಲವೇನೋ ಅನ್ನಿಸುತ್ತದೆ. ವಿಚಿತ್ರ ಏನೆಂದರೆ, ಗಂಟೆಗೆ 28 ಕಿ.ಮೀ.ನಲ್ಲಿ ರಸ್ತೆ ಓಡುತ್ತಿದ್ದದ್ದನ್ನು ನೋಡಿದ ಕಣ್ಣಿಗೆ ಓಟ ನಿಂತೇ ಹೋದಂತೆ ಕಾಣುತ್ತದೆ, ನಿಧಾನ ಆಯಿತು ಅಂತ ಜೋರು ಮಾಡುತ್ತೀರಿ. ಮೊದಲ ಎರಡು ಕಿ.ಮೀ. ವಾಚ್ ನೋಡಿಕೊಂಡು ಬೇಕಂತಲೇ ನಿಧಾನಿಸಿ. ಭಾನುವಾರ ಸೈಕಲ್ ಮುಗಿಸಿ ಅಪಾರ್ಟ್‌ಮೆಂಟ್ ಗೇಟಿನಲ್ಲೇ ಶೂ ಬದಲಿಸಿ ಹತ್ತು ನಿಮಿಷ ಓಡಿದರೂ ಆಯಿತು.

ಸೈಕಲ್ ವಿಷಯ ನಿಮಗೆ ಹೇಳಬೇಕಾದ್ದು ಸ್ವಲ್ಪವೇ. ಒಂದು, ಗುಂಪಿನಲ್ಲಿ ಬೇರೆಯವರ ಚಕ್ರದ ಹಿಂದೆಯೇ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಅಭ್ಯಾಸ ಇಲ್ಲಿ ನಡೆಯಲ್ಲ. ಮುಂದಿನವರ ಮುಂಚಕ್ರದಿಂದ ನಿಮ್ಮ ಮುಂಚಕ್ರಕ್ಕೆ 12 ಮೀಟರ್ ಅಂತರ ಇರಬೇಕು. ಒಳಗೆ ಬಂದರೆ 25 ಸೆಕೆಂಡಿನಲ್ಲಿ ದಾಟಿ ಹೋಗಬೇಕು, ಇಲ್ಲದಿದ್ದರೆ ಪೆನಾಲ್ಟಿ. ಹಾಗಾಗಿ ಭಾನುವಾರದ ಉದ್ದದ ರೈಡ್ ಒಬ್ಬರೇ, ಎದುರುಗಾಳಿಯಲ್ಲಿ, ಕೈ ಡ್ರಾಪ್ಸ್‌ನಲ್ಲಿ (ಹ್ಯಾಂಡಲ್‌ನ ಕೆಳಗಿನ ಬಾಗು) ಇಟ್ಟು ಮಾಡಿ. ಎರಡು, ಬಿಆರ್‌ಎಂನಲ್ಲಿ ಢಾಬಾ ಕಂಡರೆ ನಿಲ್ಲುತ್ತೀರಿ, ಮಿಸಳ್, ವಡಾಪಾವ್, ಒಂದು ಚಹಾ. ಇಲ್ಲಿ ಮೂರು ಗಂಟೆಗೂ ಜಾಸ್ತಿ ಕಾಲು ನಿಲ್ಲೋದೇ ಇಲ್ಲ. ಆ ಒಂದೇ ಸಮ ತುಳಿತ ಅಭ್ಯಾಸವಾಗಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನೀರಿನಲ್ಲಿ ನೂರಾರು ಜನ ನಿಮಗಿಂತ ಮುಂದೆ ಹೋಗಿರುತ್ತಾರೆ. ಸೈಕಲ್ ಹತ್ತಿದ ಕೂಡಲೇ ಒಬ್ಬೊಬ್ಬರನ್ನೇ ದಾಟಲು ಶುರು ಮಾಡುತ್ತೀರಿ, ಖುಷಿಯಾಗುತ್ತದೆ, ಇನ್ನೂ ಒತ್ತುತ್ತೀರಿ. ಅಲ್ಲೇ ರೇಸ್ ಕೆಡೋದು. ಲೆಕ್ಕ ಕೇಳಿ. 28ರ ಬದಲು 31 ಕಿ.ಮೀ. ವೇಗದಲ್ಲಿ ಹೋದರೆ ಉಳಿಯೋದು ಸುಮಾರು 19 ನಿಮಿಷ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಆ ಮೂರು ಕಿ.ಮೀ.ಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಶಕ್ತಿ ಹೆಚ್ಚುವರಿ ಸುರಿಯಬೇಕು. ಅದರಿಂದ ನಿಮ್ಮ ಓಟ ಕಿ.ಮೀ.ಗೆ 7ರಿಂದ 8 ನಿಮಿಷಕ್ಕೆ ಇಳಿದರೆ ಹೋದದ್ದು 21 ನಿಮಿಷ. ಗೋವಾದ ಬಿಸಿಲಿನಲ್ಲಿ ಸುಸ್ತಾದ ಕಾಲು 8 ನಿಮಿಷಕ್ಕೂ ನಿಲ್ಲೋದಿಲ್ಲ, ನಡೆಯಲು ಶುರು ಮಾಡುತ್ತದೆ. ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಇದ್ದರೆ ಎಫ್‌ಟಿಪಿಯ (ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಗರಿಷ್ಠ ಶಕ್ತಿ) 70-75 ಶೇಕಡಾ, ಏರುಗಳಲ್ಲೂ ಜಾಸ್ತಿ ದಾಟದಂತೆ. ಇಲ್ಲದಿದ್ದರೆ ಇಡೀ 90 ಕಿ.ಮೀ. ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಕೈಯಲ್ಲಿರಬೇಕು.

ಟಿಟಿ ಬೈಕ್ ಬೇಡ. ಮೊದಲ ರೇಸ್‌ಗೆ ನಿಮ್ಮ ರೋಡ್ ಬೈಕೇ ಸಾಕು. ಆ ದುಡ್ಡಿನ ಚಿಕ್ಕ ಪಾಲಿನಲ್ಲಿ ಈಜಿನ ಕೋಚ್, ಒಳ್ಳೆ ಓಟದ ಶೂ, ಗೋವಾಕ್ಕೆ ಎರಡು ಸಲದ ಓಡಾಟ ಎಲ್ಲ ಆಗುತ್ತದೆ, ಮತ್ತು ಅವು ಉಳಿಸುವ ಸಮಯ ಟಿಟಿ ಬೈಕ್ ಉಳಿಸುವುದಕ್ಕಿಂತ ಜಾಸ್ತಿ. ಏರೋಬಾರ್ (ಮೊಣಕೈ ಊರಿ ಬಾಗಿ ಕೂರಲು ಹ್ಯಾಂಡಲ್‌ಗೆ ಜೋಡಿಸುವ ಕೊಂಬು) ಹಾಕಿಸಲೇಬೇಕು ಅನ್ನಿಸಿದರೆ ಈಗಲೇ ಹಾಕಿಸಿ, ಫಿಟ್ ಮಾಡಿಸಿ. ರೇಸ್‌ನ ಹಿಂದಿನ ವಾರ ಹಾಕಿಸಿದರೆ ಸೊಂಟ ಕೇಳಲ್ಲ.

ತಿನ್ನೋದು, ಕುಡಿಯೋದು. ಪುಣೆಯ ಅಕ್ಟೋಬರ್-ನವೆಂಬರ್ ಬೆಳಗಿನಲ್ಲಿ ಒಣಹವೆ, ಬೆವರು ಆರುತ್ತದೆ, ಮೈ ತಂಪಾಗುತ್ತದೆ. ಗೋವಾದ ತೇವದ ಗಾಳಿಯಲ್ಲಿ ಬೆವರು ಆರದೆ ಸುಮ್ನೆ ಸುರಿಯುತ್ತದೆ, ತಂಪು ಮಾಡೋದಿಲ್ಲ. ದೇಹ ಇದಕ್ಕೆ ಹೊಂದಿಕೊಳ್ಳಲು ಹತ್ತು ದಿನದಿಂದ ಎರಡು ವಾರ ಬೇಕು. ಅಷ್ಟು ರಜೆ ಸಿಗಲ್ಲ, ಹಾಗಾಗಿ ಕೊನೆಯ ವಾರಗಳಲ್ಲಿ ಮನೆಯ ಟ್ರೇನರ್ (ಸೈಕಲ್ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಫ್ಯಾನ್ ಹಾಕದೆ ಮೆಲ್ಲಗೆ 40-45 ನಿಮಿಷ ತುಳಿಯಿರಿ, ಮನೆಯಲ್ಲಿ ಯಾರಾದರೂ ಇರುವಾಗ. ನಿಮ್ಮ ಬೆವರೆಷ್ಟು ಅಂತ ತಿಳಿಯಲು ರೈಡ್‌ಗೆ ಮುಂಚೆ, ನಂತರ ತೂಕ ನೋಡಿ. ಒಂದು ಕೆ.ಜಿ. ಇಳಿದರೆ ಸುಮಾರು ಒಂದು ಲೀಟರ್ ಬೆವರು, ನಡುವೆ ಕುಡಿದದ್ದನ್ನೂ ಕೂಡಿಸಿಕೊಳ್ಳಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯಬೇಡಿ, ರಕ್ತದಲ್ಲಿ ಸೋಡಿಯಂ ಇಳಿದರೆ ಅದೂ ಜೀವಕ್ಕೆ ಅಪಾಯ.

ಶಕ್ತಿಗೆ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇಟ್ಟುಕೊಳ್ಳಿ, ಮತ್ತು ಅದನ್ನು ಸೈಕಲ್ ಮೇಲೇ ತಿಂದು ಮುಗಿಸಿ. ಓಟದಲ್ಲಿ ಹೊಟ್ಟೆ ಕುಲುಕುತ್ತದೆ, ಜಾಸ್ತಿ ಹಿಡಿಯಲ್ಲ. ಇಲ್ಲಿ ಬಹಳ ಜನ ಓಆರ್‌ಎಸ್ ಅನ್ನೇ ನಂಬಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಗ್ಲೂಕೋಸ್ ಇರೋದು 13.5 ಗ್ರಾಂ ಮಾತ್ರ. ಉಪ್ಪಿನ ಲೆಕ್ಕಕ್ಕೆ ಒಳ್ಳೇದು, ಊಟದ ಲೆಕ್ಕಕ್ಕೆ ಏನೂ ಸಾಲದು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಬಾಳೆಹಣ್ಣು, ಬೀಜ ತೆಗೆದ ಖರ್ಜೂರ, ಜೆಲ್, ಯಾವುದು ನಿಮ್ಮ ಹೊಟ್ಟೆಗೆ ಒಗ್ಗುತ್ತದೋ ಅದನ್ನೇ ಈಗಿನಿಂದ ಭಾನುವಾರದ ರೈಡ್‌ನಲ್ಲಿ ತಿಂದು ನೋಡಿ. ಶೇಂಗಾ ಚಿಕ್ಕಿ ಬಿಆರ್‌ಎಂಗೆ ಸರಿ, ಇಲ್ಲಿ ಬೇಡ, ಎಣ್ಣೆಯ ಅಂಶ ನಿಧಾನವಾಗಿ ಕರಗುತ್ತದೆ.

ಟ್ರಾನ್ಸಿಷನ್, ಅಂದರೆ ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗೋದನ್ನು ಮನೆಯ ಹಾಲ್‌ನಲ್ಲೇ ಅಭ್ಯಾಸ ಮಾಡಿ. ಒಂದು ಚಿಕ್ಕ ಟವೆಲ್ ಹಾಸಿ. ಹೆಲ್ಮೆಟ್ ಅಂಗಾತ, ಪಟ್ಟಿ ಎರಡೂ ಕಡೆ ಬಿಚ್ಚಿ ಹೊರಗೆ ಚಾಚಿರಲಿ, ಒಳಗೆ ಕನ್ನಡಕ. ಕಾಲಿನ ಮರಳು ಒರೆಸಿ, ಒಳಗೆ ಪೌಡರ್ ಉದುರಿಸಿದ ಸಾಕ್ಸ್ ಹಾಕಿ. ಹೆಲ್ಮೆಟ್‌ನ ಕ್ಲಿಪ್ ಟಕ್ ಅಂದ ಮೇಲೇ ಸೈಕಲ್ ಮುಟ್ಟಬೇಕು, ವಾಪಸ್ ಬಂದು ಸೈಕಲ್ ನಿಲ್ಲಿಸುವವರೆಗೆ ಬಿಚ್ಚಬಾರದು. ಸೈಕಲ್ ಹತ್ತಲು ಗುರುತು ಮಾಡಿದ ಗೆರೆ ದಾಟುವವರೆಗೆ ಹತ್ತುವಂತಿಲ್ಲ. ನೀರಿನಿಂದ ಎದ್ದು ಬಂದಾಗ ತಲೆ ತಿರುಗುತ್ತಿರುತ್ತದೆ, ಆಗ ಯೋಚನೆ ಮಾಡಲು ಆಗಲ್ಲ, ಕೈಗೇ ಅಭ್ಯಾಸವಾಗಿರಬೇಕು.

ವಾರದ ಲೆಕ್ಕ ಹೀಗೆ: ಈಜು ಮೂರು ಸಲ, ಓಟ ಮೂರು ಸಲ, ಸೈಕಲ್ ಎರಡೇ ಸಲ. ಅದರಲ್ಲಿ ಒಂದು ಭಾನುವಾರದ ಎರಡೂವರೆ ಮೂರು ಗಂಟೆ, ಇನ್ನೊಂದು ವಾರದ ನಡುವೆ ಟ್ರೇನರ್ ಮೇಲೆ ಒಂದು ಗಂಟೆ. ಒಟ್ಟು ಎಂಟೊಂಬತ್ತು ಗಂಟೆ. ಹಿಂಜವಡಿಯ ಟ್ರಾಫಿಕ್ ಮುಗಿಸಿ ಬಂದವರಿಗೆ ಅದಕ್ಕಿಂತ ಜಾಸ್ತಿ ಹೇಳೋದು ನ್ಯಾಯವೂ ಅಲ್ಲ. ಮೂರು ವಾರ ಏರಿಸಿ, ನಾಲ್ಕನೇ ವಾರ ಇಳಿಸಿ. ಪುಣೆಯ ಗಣಪತಿ ಹಬ್ಬದ ವಾರವನ್ನು ಹೀಗೆ ಇಳಿಸುವ ವಾರ ಮಾಡಿಕೊಳ್ಳಿ, ಹೇಗೂ ರಸ್ತೆ ಖಾಲಿ ಸಿಗಲ್ಲ, ಮನೆಯವರ ಜೊತೆ ಹಬ್ಬವೂ ಆಗುತ್ತದೆ. ನಡುವೆ ಎಲ್ಲಾದರೂ ಸ್ಪ್ರಿಂಟ್ ದೂರದ ರೇಸ್ ಸಿಕ್ಕರೆ, ಅಂದರೆ 750 ಮೀಟರ್, 20 ಕಿ.ಮೀ., 5 ಕಿ.ಮೀ., ಖಂಡಿತ ಮಾಡಿ. ಸಿಗದಿದ್ದರೆ ಗೆಳೆಯರ ಜೊತೆ ಪೂಲ್‌ನಿಂದ ಶುರು ಮಾಡಿ ನೀವೇ ಒಂದು ನಡೆಸಿ. ಐದನೇ ತಿಂಗಳ ಕೊನೆಗೆ 1500 ಮೀಟರ್ ನಿಲ್ಲದೆ ಈಜಲು ಆಗದಿದ್ದರೆ ಈ ವರ್ಷದ ಹಾಫ್ ಬಿಡಿ. ಇದನ್ನು ನಾನು ಮೆದುವಾಗಿ ಹೇಳುವುದಿಲ್ಲ. ಸೈಕಲ್, ಓಟದಲ್ಲಿ ಸಾಲದಿದ್ದರೆ ರಸ್ತೆ ಬದಿ ಕೂರಬಹುದು, ಸಮುದ್ರದ ಮಧ್ಯೆ ಕೂರಲು ಜಾಗ ಇಲ್ಲ.

ಕೊನೆಗೆ ಪುಣೆಯಿಂದ ಗೋವಾಕ್ಕೆ ಸೈಕಲ್‌ನಲ್ಲಿ ಹೋಗುವ ವಿಷಯ. ಬೇಡ. ನಿಮ್ಮ ಗೆಳೆಯರಿಗೆ ಡೆಕ್ಕನ್ ಕ್ಲಿಫ್‌ಹ್ಯಾಂಗರ್‌ನ (ಪುಣೆಯಿಂದ ಗೋವಾಕ್ಕೆ ನಡೆಯುವ ದೂರದ ಸೈಕಲ್ ರೇಸ್) ಆಸೆ ಇದ್ದರೆ ಅದನ್ನು ಬೇರೆ ವರ್ಷ ಮಾಡಲಿ, ಅದಕ್ಕೂ ಬೇರೆಯೇ ತಯಾರಿ ಬೇಕು. ರೇಸ್‌ನ ಹಿಂದಿನ ಹತ್ತು ದಿನ ನೀವು ಕಾಲು ಉಳಿಸಬೇಕು. ಸೈಕಲನ್ನು ಕಾರಿನಲ್ಲೋ ಬಾಕ್ಸ್ ಮಾಡಿ ಬಸ್ಸಿನಲ್ಲೋ ತನ್ನಿ, ಎರಡು ದಿನ ಮುಂಚೆ ಬನ್ನಿ, ಬಂದ ದಿನವೇ ಹ್ಯಾಂಡಲ್ ಬಿಗಿ ಮಾಡಿ, ಗೇರ್ ನೋಡಿ, ಅರ್ಧ ಗಂಟೆ ಓಡಿಸಿ. ಮರುದಿನ ಬೆಳಿಗ್ಗೆ ಸಮುದ್ರದಲ್ಲಿ ಹದಿನೈದು ನಿಮಿಷ. ವಾಪಸ್ ಹೋಗುವಾಗ ಸೈಕಲ್‌ನಲ್ಲೇ ಹೋಗಬೇಕು ಅನ್ನಿಸಿದರೆ ನಾಲ್ಕೈದು ದಿನ ಗೋವಾದಲ್ಲಿ ಉಳಿದು, ಚೆನ್ನಾಗಿ ತಿಂದು ಮಲಗಿ, ಆಮೇಲೆ ಆಂಬೋಲಿ ಘಾಟ್ ಹತ್ತಿ ಹೋಗಿ.